ಬೆಂಕಿ ಖರೇ, ಎತ್ತು ಸುಳ್ಳು

ಅಕ್ಕೋರ ಎಡಗಿವಿಯ ಹಾಲೆ ನಟ್ಟನಡುವೆ ಸೀಳಿ ಎರಡಾಗಿತ್ತು. ಬಲಗಿವಿಯಲ್ಲಿ ಹವಳದ ಬೆಂಡೋಲಿ ಇರುತ್ತಿತ್ತು, ಎಡಗಿವಿ ಬರಿದು. ಹೊಸಬರು ಯಾರಾದರೂ ಅದನ್ನೇ ನೋಡುತ್ತಿದ್ದಾರೆಂದು ಗೊತ್ತಾದರೆ ತಾವೇ ತಲೆ ವಾಲಿಸಿ ತೋರಿಸುತ್ತಿದ್ದರು. "ನಮ್ಮ ಮಾಣಿಕಂದು ಕೆಲಸ ನೋಡ್ರಿ ಇದು. ಅವಂದೇನ್ ತಪ್ಪಿಲ್ಲ. ಹಸದಿದ್ದ, ಬಾಯಿಗೆ ಸಿಕ್ಕಿದ್ದು ಅವ್ವನ ಮೊಲಿ ಅಂತ ತಿಳಕೊಂಡ."

ಮಾಣಿಕ ಎಂದರೆ ಅವರ ಎತ್ತು. ದೇವಣಿ ತಳಿಯದು. ಬಿಳಿ ಮೈ, ಜೋಲುಗಿವಿ, ಬಲಗಣ್ಣಿನ ಸುತ್ತ ಅಂಗೈಯಗಲದ ಕರಿ ಮಚ್ಚೆ. ಅದು ಹುಟ್ಟಿದ ಕೆಲವೇ ದಿನಕ್ಕೆ ತಾಯಿ ಆಕಳು ಸತ್ತಿತ್ತು. ಅಕ್ಕೋರು ಸೀಸೆಯಲ್ಲಿ ಹಾಲು ಕುಡಿಸಿ ಬೆಳೆಸಿದರು. ಒಂದು ಬೆಳಿಗ್ಗೆ ಸೀಸೆ ತರುವುದು ತಡವಾಯಿತು. ಬಗ್ಗಿ ಸಗಣಿ ಬಳಿಯುತ್ತಿದ್ದ ಅಕ್ಕೋರ ಕಿವಿಯನ್ನೇ ಬೆಂಡೋಲಿ ಸಮೇತ ಕರು ಬಾಯಿಗೆ ಹಾಕಿಕೊಂಡು ಜಗ್ಗಿತು. ಹೊಲಿಗೆ ಹಾಕುತ್ತೇವೆಂದು ಡಾಕ್ಟರು ಹೇಳಿದರೆ, "ಇರ್ಲಿ ಬಿಡ್ರಿ, ಇನ್ನ ನನ್ನ ಕಿವಿ ಯಾರು ನೋಡ್ಬೇಕಾಗ್ಯಾದ" ಎಂದು ಎದ್ದು ಬಂದವರು ಅವರು.

ಗುಂಡಗುರ್ತಿಯ ಸಮೀಪದ ನಮ್ಮೂರ ಶಾಲೆಯಲ್ಲಿ ನಮಗೆಲ್ಲ ಓದು ಬರಹ ಕಲಿಸಿದವರು ಅಕ್ಕೋರು. ಗಂಡ ಬೇಗ ತೀರಿಕೊಂಡಿದ್ದರು. ನೌಕರಿ ಮುಗಿದ ಮೇಲೆ ಊರು ಬಿಡದೆ ತೊಗರಿ ಹೊಲವನ್ನು ತಾವೇ ನೋಡಿಕೊಂಡರು. ಕುಳ್ಳಗಿನ ಹೆಂಗಸು. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿಯಲು ಕೈ ಎಟುಕುತ್ತಿರಲಿಲ್ಲ. ಅದಕ್ಕೇ ಮಾಣಿಕನಿಗೆ ಮೊಣಕಾಲೂರಿ ಕೂರುವುದನ್ನು ಕಲಿಸಿದ್ದರು. ಹೊಲದ ಆ ಬದುವಿನಲ್ಲಿ ಮೇಯುತ್ತಿದ್ದರೂ ಸರಿ, "ಮಾಣಿಕಾ, ಬಾರೋ" ಎಂದರೆ ತಲೆಯೆತ್ತಿ ನೇರ ಬರುತ್ತಿತ್ತು. "ಕುಂದ್ರು" ಎಂದರೆ ಮುಂಗಾಲು ಮಡಚಿ ಅವರ ಮುಂದೆ ತಲೆ ತಗ್ಗಿಸುತ್ತಿತ್ತು. ನೋಡಿದವರು ಬೆರಗಾದರೆ ಅಕ್ಕೋರಿಗೆ ಹಿಗ್ಗೋ ಹಿಗ್ಗು. "ನಿಮ್ಮೆಲ್ಲಾರಕ್ಕಿಂತ ಜಲ್ದಿ ಕಲ್ತಾನ ಇವ" ಎಂದು ನಮ್ಮನ್ನು ಚುಡಾಯಿಸುತ್ತಿದ್ದರು.

ಅವರಿಗೆ ನಾಟಕ, ಸಿನಿಮಾ ಎಂದರೆ ಜೀವ. ಪ್ರತಿ ವರ್ಷ ಶಾಲೆಯ ಗ್ಯಾದರಿಂಗಿಗೆ ನಾಟಕ ಮಾಡಿಸುತ್ತಿದ್ದರು. ತಗಡು ಅಲುಗಾಡಿಸಿದರೆ ಗುಡುಗು, ಮೊರದಲ್ಲಿ ಜೋಳ ಹೊರಳಿಸಿದರೆ ಮಳೆ, ಉರಿಯುವ ದೀವಟಿಗೆಯ ಮೇಲೆ ರಾಳದ ಪುಡಿ ಊದಿದರೆ ಭಗ್ಗನೆ ಬೆಂಕಿ. ರಾಳ ಊದುವ ಕೆಲಸ ನನ್ನ ಬೆಂಚಿನ ಗೆಳೆಯನದು. ಅವನು ಊದುವ ಮೊದಲು ಅಕ್ಕೋರು ತಾವೇ ಒಮ್ಮೆ ಊದಿ, ಉರಿ ಎಲ್ಲಿಯವರೆಗೆ ಬರುತ್ತದೆಂದು ನೋಡಿ, ಶಹಾಬಾದ್ ಕಲ್ಲಿನ ಫರಸಿಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ಪಾತ್ರ ಮಾಡುವವರು ಆ ಗೆರೆ ದಾಟುವಂತಿಲ್ಲ. ಆಮೇಲೆ ಹಸಿ ಗೋಣಿಚೀಲ ಹಿಡಿದುಕೊಂಡು ಪರದೆಯ ಪಕ್ಕದಲ್ಲೇ ನಾಟಕ ಮುಗಿಯುವ ತನಕ ನಿಂತಿರುತ್ತಿದ್ದರು. "ನೋಡೋರಿಗೆ ಮೋಸ ಆಗ್ಬೇಕು, ಆಡೋರಿಗೆ ಆಗಬಾರ್ದು" ಎನ್ನುವುದು ಅವರ ಮಾತು. ಆ ಮಾತನ್ನು ನಾವಿಬ್ಬರೂ ಎಷ್ಟು ಸಲ ಕೇಳಿದ್ದೇವೋ.

ಆ ನಾಟಕಗಳ ಹುಚ್ಚೇ ನಮ್ಮಿಬ್ಬರನ್ನೂ ಕ್ಯಾಮೆರಾದ ಕಸುಬಿಗೆ ಎಳೆಯಿತು. ನಾನು ಚಿತ್ತಾಪುರದಲ್ಲಿ ಫೋಟೊ ಸ್ಟುಡಿಯೊ ಇಟ್ಟು ಮದುವೆ, ಸೀಮಂತ, ಗೃಹಪ್ರವೇಶಗಳ ವಿಡಿಯೊ ಮಾಡುವವನಾದೆ. ಗೆಳೆಯ ಸಿನಿಮಾ ಕಲಿಯುತ್ತೇನೆಂದು ಹೈದರಾಬಾದ್ ದಾರಿ ಹಿಡಿದ. ಮನೆಯವರು ಸಿಟ್ಟಿನಿಂದ ಬೀಳ್ಕೊಡಲೂ ಬರಲಿಲ್ಲ. ವಾಡಿ ಸ್ಟೇಶನ್ನಿಗೆ ಅವನ ಜೊತೆ ಬಂದವರು ಅಕ್ಕೋರು. ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕೊಟ್ಟು, ಗಾಡಿ ಕಣ್ಮರೆಯಾಗುವವರೆಗೂ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. "ಇವ ಒಂದಿನ ದೊಡ್ಡ ಪಿಚ್ಚರ್ ತಗೀತಾನ ನೋಡು" ಎಂದರು ನನಗೆ.

ಆ ದಿನ ಬಂತು. ದೊಡ್ಡ ಕಂಪನಿಯೊಂದರ ಚಿತ್ರದಲ್ಲಿ ಗೆಳೆಯ ಡೈರೆಕ್ಟರನ ಬಲಗೈಯಾಗಿದ್ದ. ಚಿಂಚೋಳಿಯ ಕಾಡಿನಲ್ಲಿ ಶೂಟಿಂಗ್ ನಡೆದಿತ್ತು. ಚಿತ್ರತಂಡದವರೆಲ್ಲ ಚಂದಾಪುರದಲ್ಲಿ ಉಳಿದಿದ್ದರು. ಒಂದು ಮುಂಜಾನೆ ಅವನು ಕಾರಿನಲ್ಲಿ ಊರಿಗೆ ಬಂದು, ಅಕ್ಕೋರ ಕಾಲು ಮುಟ್ಟಿ, ಅಂಗಳದ ಕಟ್ಟೆಯ ಮೇಲೆ ಕೂತ. ಅವನೇ ಬಾ ಎಂದಿದ್ದರಿಂದ ನಾನೂ ಹೋಗಿದ್ದೆ.

"ಅಕ್ಕೋರ, ನಮ್ಮ ಹುಡುಗರು ಕಂಪ್ಯೂಟರ್‌ದಾಗ ಒಂದು ಎತ್ತು ಮಾಡ್ಯಾರ್ರಿ" ಎಂದ. "ಎಲ್ಲಾ ಛಲೋ ಅದ, ಆದ್ರ ಕಾಲು ನೆಲಕ್ಕ ಕೂಡವಲ್ದು. ಗಾಳ್ಯಾಗ ನಡದಂಗ ಕಾಣ್ತದ. ನಮ್ಮ ಸಾಹೇಬರು ಸಿಟ್ಟಿಗೆದ್ದು ಖರೇ ಎತ್ತೇ ಬೇಕು ಅಂದಾರ. ನನಗ ಮಾಣಿಕನೇ ನೆನಪಾದ."

ಕಥೆಯಲ್ಲಿ ಊರಿಗೆ ಬೆಂಕಿ ಬಿದ್ದಿರುತ್ತದೆ. ಒಡೆಯ ಗಾಯಗೊಂಡು ಬಿದ್ದಿರುತ್ತಾನೆ. ಅವನ ಎತ್ತು ಉರಿಯುವ ಎರಡು ಬಣವೆಗಳ ನಡುವೆ ಒಂಟಿಯಾಗಿ ನಡೆದು ಬಂದು, ಅವನ ಪಕ್ಕದಲ್ಲಿ ಮೊಣಕಾಲೂರಿ ಕೂರುತ್ತದೆ. ಅಷ್ಟೇ ದೃಶ್ಯ.

"ಬೆಂಕಿ?" ಅಕ್ಕೋರು ಮೊದಲು ಕೇಳಿದ್ದೇ ಅದನ್ನು.

"ಬೆಂಕಿ ಕಂಪ್ಯೂಟರ್‌ದ್ರಿ. ಎತ್ತು ಖರೇ, ಬೆಂಕಿ ಸುಳ್ಳು. ಹೊಗಿ ಸುದ್ದಾ ಇರಂಗಿಲ್ಲ. ಮಾಣಿಕ ಸುಮ್ನ ನಡದು ಬಂದು ಕುಂತ್ರ ಆಯ್ತು."

"ಇವನ ತಲಿ ಮ್ಯಾಲ ಕೈ ಇಟ್ಟು ಹೇಳು."

ಗೆಳೆಯ ನಕ್ಕು, ಕೊಟ್ಟಿಗೆಗೆ ಹೋಗಿ, ಮಾಣಿಕನ ಹಣೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ಅಕ್ಕೋರ ಮುಖ ಹಗುರಾಯಿತು. ತಮಗೇನೂ ಬೇಡವೆಂದರು. "ಒಂದ ಮಾತು. ಪಿಚ್ಚರ್ ಮುಗದ ಮ್ಯಾಲ ಹೆಸರು ಬರ್ತಾವಲ್ಲ, ಅದ್ರಾಗ ಇವನ ಹೆಸರು ಬರ್ಬೇಕು. ನಂದು ಬ್ಯಾಡ. ಮಾಣಿಕ ಅಂತ ಬಂದ್ರ ಸಾಕು."

"ಬರ್ತದ್ರಿ ಅಕ್ಕೋರ, ದೊಡ್ಡ ಅಕ್ಷರದಾಗ" ಎಂದ.

ನಮ್ಮೂರ ಹೊರಗಿನ ಕಲ್ಲು ಬಯಲಿನಲ್ಲಿ ಒಣ ಜೋಳದ ಕಣಿಕೆಯ ಬಣವೆಗಳನ್ನು ಒಟ್ಟಿದರು. ಊರಿನ ಅರ್ಧ ಜನ ತಲೆಗೆ ರುಮಾಲು ಸುತ್ತಿ, ಓಡುವ ಹಳ್ಳಿಗರ ಪಾತ್ರಕ್ಕೆ ನಿಂತಿದ್ದರು. ಎಲ್ಲರ ಫೋನುಗಳನ್ನೂ ಮೊದಲೇ ತೆಗೆದಿಟ್ಟುಕೊಂಡಿದ್ದರು. ನನ್ನದನ್ನೂ. ನಾನು ಕಟ್ಟಿದ್ದ ಹಗ್ಗದ ಈಚೆ ನಿಂತು ನೋಡುತ್ತಿದ್ದೆ. ಅಕ್ಕೋರನ್ನು ಕ್ಯಾಮೆರಾದ ಹಿಂದೆ, ಮಾಣಿಕ ಬರಬೇಕಾದ ದಿಕ್ಕಿಗೆ ನಿಲ್ಲಿಸಿದ್ದರು. ಬೆಂಕಿಯಿಲ್ಲದೆ ಎರಡು ಮೂರು ಸಲ ಮಾಡಿ ನೋಡಿದರು. ಅಕ್ಕೋರು ಕರೆದಾಗಲೆಲ್ಲ ಮಾಣಿಕ ಗಂಭೀರವಾಗಿ ನಡೆದು ಬಂದು ಕೂತಿತು. ಡೈರೆಕ್ಟರ್ ಸಾಹೇಬರು ಚಪ್ಪಾಳೆ ತಟ್ಟಿದರು. ಅಕ್ಕೋರ ಕಣ್ಣಲ್ಲಿ ನೀರು ಬಂದಿತ್ತು.

ಹೊತ್ತು ಇಳಿಯುತ್ತ ಬಂತು. ಸಾಹೇಬರು ಗೆಳೆಯನನ್ನು ಕರೆದು ಏನೋ ಹೇಳಿದರು. ಅವನು ಅಕ್ಕೋರ ಹತ್ತಿರ ಬಂದು ಹೇಳಿದ್ದು ನನಗೂ ಕೇಳಿಸಿತು. "ಭಾಳ ಹಿಂದ ಒಂದು ಬಣವಿ ಅದಲ್ರಿ, ಅದಕ್ಕಷ್ಟ ಹಚ್ಚತೀವಿ. ಬೆಳಕಿಗೆ. ಮಾಣಿಕನ ಸನೇಕ ಏನೂ ಇರಂಗಿಲ್ಲ."

"ಬ್ಯಾಡ, ನೀ ಏನು ಹೇಳಿದ್ದಿ..." ಎಂದು ಅಕ್ಕೋರು ಅನ್ನುವಷ್ಟರಲ್ಲಿ ಅತ್ತ ಕೂಗು ಶುರುವಾಯಿತು. ಕ್ಯಾಮೆರಾ ಓಡತೊಡಗಿತು. "ಕರೀರಿ ಅಕ್ಕೋರ, ಹೊತ್ತು ಹೊಂಟದ, ಕರೀರಿ!" ಎಂದು ಗೆಳೆಯ ಅವಸರ ಮಾಡಿದ. ಅಕ್ಕೋರು ಕರೆದರು. ಮಾಣಿಕ ಹೆಜ್ಜೆ ಕಿತ್ತಿತು.

ಅದು ಎರಡು ಬಣವೆಗಳ ನಡುವೆ ಬಂದಾಗ ಆ ಎರಡಕ್ಕೂ ಉರಿ ಹತ್ತಿತು. ಎಣ್ಣೆ ಸುರಿದಿಟ್ಟಿದ್ದರು. ಹಚ್ಚಲು ಆಳುಗಳು ಹಿಂದೆ ಅಡಗಿ ಕೂತಿದ್ದರು. ಮಾಣಿಕ ಗಕ್ಕನೆ ನಿಂತಿತು. ಹಿಂದಕ್ಕೆ ತಿರುಗಲು ಜಾಗವಿಲ್ಲ. ಅಕ್ಕೋರು ಮುಂದೆ ಓಡಲು ಹೋದರು, ಇಬ್ಬರು ಹಿಡಿದುಕೊಂಡರು. ಗೆಳೆಯ ಅವರ ಕಿವಿಯ ಹತ್ತಿರ ಬಾಯಿಟ್ಟು ಚೀರಿದ, "ನಿಂತ್ರ ಸುಟ್ಟುಕೊಂತಾನ್ರಿ! ಕರೀರಿ! ನೀವು ಕರದ್ರ ಬರ್ತಾನ!"

ಬೇರೆ ದಾರಿಯಿರಲಿಲ್ಲ. "ಮಾಣಿಕಾ, ಬಾರೋ! ಬಾರೋ ನನ್ನಪ್ಪಾ!" ಎಂದು ಅಕ್ಕೋರು ಕಿರುಚಿದರು. ಆ ದನಿಗೆ ಮಾಣಿಕ ಮುಂದೆ ಬಂತು. ಗಾಳಿ ಬೀಸಿ ಉರಿಯುವ ಕಣಿಕೆ ಅದರ ಕುತ್ತಿಗೆ, ಮುಖದ ಮೇಲೆ ಬಿತ್ತು. ಆದರೂ ನಿಲ್ಲದೆ ನಡೆದು ಬಂದು, ಕೂರೆಂದು ಯಾರೂ ಹೇಳದಿದ್ದರೂ, ಕಲಿತಿದ್ದ ಜಾಗದಲ್ಲಿ ಮುಂಗಾಲು ಮಡಚಿ ಕೂತಿತು.

ಸಾಹೇಬರು ಗೆಳೆಯನನ್ನು ಬಾಚಿ ತಬ್ಬಿಕೊಂಡರು. ಅಕ್ಕೋರು ಕೊಸರಿಕೊಂಡು ಓಡಿ, ಸೆರಗಿನಿಂದ ಮಾಣಿಕನ ಕುತ್ತಿಗೆಯ ಬೆಂಕಿಯನ್ನು ಬಡಿಬಡಿದು ಆರಿಸುತ್ತಿದ್ದರು.

ಬಲಗಣ್ಣು ಹೋಯಿತು. ಕುತ್ತಿಗೆಯ ಚರ್ಮ ಸುಲಿದು, ನೊಗ ತಾಗಿಸುವಂತಿರಲಿಲ್ಲ. ದನದ ಡಾಕ್ಟರು ಎಷ್ಟೋ ದಿನ ಬಂದು ಮುಲಾಮು ಹಚ್ಚಿದರು. ಘಟನೆಯ ಮರುದಿನ ಗೆಳೆಯ ಬಂದು ಕೊಟ್ಟಿಗೆಯಲ್ಲಿ ಅಕ್ಕೋರ ಕಾಲು ಹಿಡಿದು ಅತ್ತ. "ನನಗ ಗೊತ್ತಿರ್ಲಿಲ್ರಿ, ಸಾಹೇಬ್ರು ಕಡೀ ಗಳಿಗ್ಯಾಗ ಮಾಡ್ಸಿದ್ರು. ಹೊರಗ ಯಾರಿಗೂ ಹೇಳಬ್ಯಾಡ್ರಿ. ಪಿಚ್ಚರ್ ನಿಂತ್ರ ನನ್ನ ಬಾಳೇ ಹೋಗ್ತದ" ಎಂದ. ಅಕ್ಕೋರು ಅವನ ತಲೆ ನೇವರಿಸಿದರು. ಊರಿನವರಿಗೂ ಸುಮ್ಮನಿರಲು ಹೇಳಿದರು. "ನಮ್ಮ ಹುಡುಗ. ಗಾಬರ್ಯಾಗ್ಯಾನ, ಪಾಪ" ಎಂದರು ನನಗೆ. ಆಮೇಲೆ ಅವನು ಅವರ ಫೋನು ಎತ್ತಲಿಲ್ಲ. ನನ್ನದನ್ನೂ ಎತ್ತಲಿಲ್ಲ.

ಚಿತ್ರ ಸೇಡಂಗೆ ಬಂದಾಗ ಊರಿಗೆ ಊರೇ ಟಂಟಂ ಆಟೊ ಮಾಡಿಕೊಂಡು ಹೋಯಿತು. ಅಕ್ಕೋರು ಇಳಕಲ್ ಸೀರೆ ಉಟ್ಟು ನನ್ನ ಪಕ್ಕ ಕೂತಿದ್ದರು. ಬೆಂಕಿಯ ದೃಶ್ಯ ಬಂತು. ಹೊಗೆಯೊಳಗಿಂದ ಮಾಣಿಕ ಹೊರಬಂದಾಗ ಟಾಕೀಸು ಶಿಳ್ಳೆಯಿಂದ ನಡುಗಿತು. ಅದೇ ಕರಿ ಮಚ್ಚೆ, ಅದೇ ಜೋಲುಗಿವಿ. ಅಕ್ಕೋರು ನನ್ನ ಮುಂಗೈ ಹಿಡಿದುಕೊಂಡರು. ಆಮೇಲೆ ತೆರೆಯ ಮೂಲೆಗೆ ಬೆರಳು ಮಾಡಿ ಕೇಳಿದರು.

"ಅಲ್ಲಿ ಏನೋ ಮೂರು ಅಕ್ಷರ ಅವ ನೋಡು. ಸಿ, ಜಿ, ಐ. ಏನಪಾ ಹಂಗಂದ್ರ?"

ನನ್ನ ಕಸುಬು ಅದೇ ಆದ್ದರಿಂದ ನನಗೆ ಗೊತ್ತಿತ್ತು. ಸಿನಿಮಾದಲ್ಲಿ ಪ್ರಾಣಿ ಬಂದರೆ ಅದಕ್ಕೆ ಹಿಂಸೆಯಾಗಿಲ್ಲವೆಂಬ ಅನುಮತಿಯ ಕಾಗದ ತೋರಿಸಬೇಕು. ಕಂಪ್ಯೂಟರಿನಲ್ಲಿ ಮಾಡಿದ ಪ್ರಾಣಿಯಾದರೆ ಹೀಗೆ ಮೂಲೆಯಲ್ಲಿ ಬರೆಯುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಯಾರೋ ಜೊತೆಯವನಿಗೆ ಹೇಳಿದ, "ಏ, ಗ್ರಾಫಿಕ್ಸ್ ಲೇ ಅದು. ಎತ್ತು ಖರೇ ಅಲ್ಲ. ಏನ್ ಮಾಡ್ಯಾರ ನೋಡು ಮಸ್ತ್!"

ಅಕ್ಕೋರ ಕೈ ಸಡಿಲಾಯಿತು. ಕೊನೆಯಲ್ಲಿ ಹೆಸರುಗಳು ಬಂದವು. ಜನ ಎದ್ದು ಹೋಗುತ್ತಿದ್ದರೂ ಅವರು ಕೂತೇ ಓದಿದರು. ಗ್ರಾಫಿಕ್ಸ್ ಮಾಡಿದವರ ಹೆಸರುಗಳು ಉದ್ದಕ್ಕೆ ಇದ್ದವು. ಮಾಣಿಕನ ಹೆಸರಿರಲಿಲ್ಲ.

ಕೆಲವು ದಿನಕ್ಕೆ ಗೆಳೆಯನ ಸಂದರ್ಶನ ಎಲ್ಲರ ಫೋನಿನಲ್ಲೂ ಓಡಾಡಿತು. ನಮ್ಮ ಮಾತು ಬಿಟ್ಟು, ಪುಸ್ತಕದಂಥ ಕನ್ನಡದಲ್ಲಿ ಮಾತಾಡುತ್ತಿದ್ದ. "ಆ ಬೆಂಕಿ ಪೂರ್ತಿ ನಿಜವಾದದ್ದು. ಬೆಂಕಿಯ ವಿಷಯದಲ್ಲಿ ನಾವು ರಾಜಿ ಮಾಡಿಕೊಳ್ಳಲಿಲ್ಲ. ಎತ್ತು ಮಾತ್ರ ಕಂಪ್ಯೂಟರಿನದು. ಶೂಟಿಂಗಿನಲ್ಲಿ ಎತ್ತೇ ಇರಲಿಲ್ಲ. ನೋಡುವವರಿಗೆ ಮೋಸ ಆಗಬೇಕು, ಅದೇ ಸಿನಿಮಾ."

ನಾನು ಆ ವಿಡಿಯೊವನ್ನು ಅಕ್ಕೋರಿಗೆ ತೋರಿಸಬಾರದೆಂದುಕೊಂಡಿದ್ದೆ. ಅವರು ಅದಾಗಲೇ ನೋಡಿದ್ದರು. "ನನ್ನ ಮಾತಿನ ಅರ್ಧಾ ಕಡದು ಒಗದಾನ" ಎಂದಷ್ಟೇ ಹೇಳಿದರು.

ಅವರು ಸುಮ್ಮನಿರುವ ಪೈಕಿಯವರಲ್ಲ. ಪ್ರಾಣಿಗೆ ಹಿಂಸೆಯಾಗಿದೆ ಎಂದು ಅರ್ಜಿ ಬರೆದುಕೊಂಡು ಒಂದು ಕಚೇರಿಗೆ ಹೋದರು. ಅಲ್ಲಿಯ ಸಾಹೇಬರು ಒಳ್ಳೆಯವರೇ. ಕುರ್ಚಿ ಹಾಕಿಸಿ, ಚಹಾ ತರಿಸಿ, ಹೇಳಿದರು: "ಅಮ್ಮಾರ, ಪಿಚ್ಚರ್‌ದಾಗೇ ಬರದಾರ, ಕಂಪ್ಯೂಟರ್ ಎತ್ತು ಅಂತ. ಇಲ್ಲದ ಎತ್ತಿಗೆ ಗಾಯ ಆಗ್ಯಾದ ಅಂತ ನಾ ಹೆಂಗ ಬರಕೊಳ್ಳಿ? ನಿಮ್ಮ ಎತ್ತಿನ ಗಾಯ ಬ್ಯಾರೆ ಕಡಿ ಆಗಿದ್ದು ಅಂತಾರ. ಇದ್ದದ್ದು ಕಂಡೋರನ್ನ ಕರ್ಕೊಂಡು ಬರ್ರಿ."

ಕಂಡವರು ಊರು ತುಂಬ ಇದ್ದರು. ಅಕ್ಕೋರು ಮನೆಮನೆಗೆ ಹೋದರು. ತಾವೇ ಅಕ್ಷರ ಕಲಿಸಿದ ಮಂದಿ. ಒಬ್ಬ, "ಬಿಡ್ರಿ ಅಕ್ಕೋರ, ನಮ್ಮೂರ ಹುಡುಗ ಮ್ಯಾಲ ಬಂದಾನ" ಎಂದ. ಇನ್ನೊಬ್ಬನಿಗೆ ಸಿನಿಮಾದಲ್ಲಿ ತಾನು ರುಮಾಲು ಸುತ್ತಿ ಓಡುವುದು ಕಾಣಿಸಿತೆಂಬ ಸಂತೋಷ. ನನಗೆ ಹೆಚ್ಚು ಕಸಿವಿಸಿಯಾದದ್ದು ಮೂರನೆಯವನ ಮಾತು ಕೇಳಿ. ಬಣವೆ ಒಟ್ಟಿದವರಲ್ಲಿ ಅವನೂ ಒಬ್ಬ. "ಮಾಣಿಕ ಬಂದಿದ್ದು ಖರೇ ಅದರಿ. ಆದ್ರ ಆಮ್ಯಾಲ ಅವನ್ನ ತಗದು ಕಂಪ್ಯೂಟರ್ ಎತ್ತು ಹಾಕ್ಯಾರಂತ. ಪಿಚ್ಚರ್‌ದಾಗ ಇರೂದು ಮಾಣಿಕ ಅಲ್ರಿ. ಅವ ಅಷ್ಟು ಛಂದ ಎಲ್ಲಿದ್ದ?" ಎಂದ. ಸುಳ್ಳು ಹೇಳುತ್ತಿದ್ದಾನೆ ಅನ್ನಿಸಲಿಲ್ಲ. ಅವನು ಹಾಗೇ ನಂಬಿಬಿಟ್ಟಿದ್ದ. ಕಂಡವನೆಂದು ಕೊನೆಗೆ ಸಹಿ ಹಾಕಿದವನು ನಾನೊಬ್ಬನೇ. ಅರ್ಜಿ ಮುಂದೆ ಹೋಗಲಿಲ್ಲ.

ಅಷ್ಟರಲ್ಲಿ ಸೇಡಂನ ಯುವಕರ ಬಳಗವೊಂದು ಗೆಳೆಯನಿಗೆ ಸತ್ಕಾರ ಇಟ್ಟುಕೊಂಡಿತು. ಅಕ್ಕೋರು ಹೋಗಲೇಬೇಕೆಂದರು. ನನ್ನ ವ್ಯಾನಿನಲ್ಲಿ ಕರೆದುಕೊಂಡು ಹೋದೆ. ಮುಂದಿನ ಸಾಲಿನಲ್ಲಿ ಅವರನ್ನು ಕಂಡ ಗೆಳೆಯ ವೇದಿಕೆಯಿಂದ ಇಳಿದು ಬಂದು, ಕಾಲು ಮುಟ್ಟಿ, ಕೈಹಿಡಿದು ಮೇಲೆ ಕರೆದೊಯ್ದು ಶಾಲು ಹೊದಿಸಿದ. "ನನಗ ನಾಟಕದ ಹುಚ್ಚು ಹಿಡಿಸಿದ ಗುರುಗಳು ಇವ್ರು" ಎಂದ. ಚಪ್ಪಾಳೆಯಾಯಿತು. ಅಕ್ಕೋರು ಮೈಕು ಕೇಳಿ ಇಸಿದುಕೊಂಡರು.

"ನಾ ಭಾಷಣ ಮಾಡಂಗಿಲ್ಲ. ಒಂದ ಮಾತು ಕೇಳ್ತೀನಿ. ತಮ್ಮಾ, ಆವತ್ತು ಎತ್ತು ಇತ್ತೋ ಇಲ್ಲೋ? ಇತ್ತು ಅನ್ನು. ಅಷ್ಟ ಸಾಕು. ಮತ್ತೇನೂ ಬ್ಯಾಡ ನನಗ."

ಗೆಳೆಯ ಅಕ್ಕೋರ ಮುಖ ನೋಡಿದ. ಒಂದು ಕ್ಷಣ ಅವನು ಹೇಳಿಬಿಡುತ್ತಾನೆ ಅಂದುಕೊಂಡೆ. ಅಷ್ಟರಲ್ಲಿ ಅವನ ಮುಖದಲ್ಲಿ ನಗು ಬಂತು. ಅಕ್ಕೋರ ಕೈಯಿಂದ ಮೈಕನ್ನು ಮೆತ್ತಗೆ ಬಿಡಿಸಿಕೊಂಡು ಜನರ ಕಡೆ ತಿರುಗಿದ.

"ನೋಡಿದ್ರೇನ್ರಿ? ಹುಟ್ಟಿದಾಗಿಂದ ಎತ್ತಿನ ಜೋಡಿ ಬಾಳ್ವಿ ಮಾಡಿದ ನಮ್ಮ ಅಕ್ಕೋರಿಗೇ ಅದು ಖರೇ ಎತ್ತು ಅನಿಸ್ಯಾದ! ಅಂದ್ರ ನಮ್ಮ ಗ್ರಾಫಿಕ್ಸ್ ಹುಡುಗರು ಎಂಥಾ ಕೆಲಸ ಮಾಡ್ಯಾರ ನೀವೇ ಹೇಳ್ರಿ!"

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಆ ಸದ್ದಿನ ನಡುವೆ ಅಕ್ಕೋರು ಶಾಲು ತೆಗೆದು, ನೀಟಾಗಿ ಮಡಚಿ, ಕುರ್ಚಿಯ ಮೇಲಿಟ್ಟು, ಮೆಟ್ಟಿಲಿಳಿದರು. ನಾನು ಕೈ ಕೊಟ್ಟೆ.

ಕಾಗಿಣಾ ಹೊಳೆ ದಾಟಿದ ಮೇಲೆ ಅವರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು. "ನನಗ ಅವ ಮೋಸ ಮಾಡಿದ, ಅದು ನಂಗೂ ಅವಂಗೂ ಇರ್ಲಿ. ಮಾಣಿಕಗ ಯಾರು ಮಾಡಿದ್ರು? ಬೆಂಕಿ ಕಂಡು ನಿಂತಿದ್ದ ಅವ. ನನ್ನ ದನಿ ಕೇಳಿ ಬಂದ."

"ನೀವು ಕರೀದಿದ್ರ ಅಲ್ಲೇ ಸುಟ್ಟುಹೋಗ್ತಿತ್ತಲ್ರಿ ಅಕ್ಕೋರ" ಎಂದೆ.

"ಅದು ನಿಂಗ ಗೊತ್ತು, ನಂಗ ಗೊತ್ತು. ಅವಗ ಗೊತ್ತೇನು?"

ಅಂದಿನಿಂದ ಅವರು ಮಾಣಿಕನನ್ನು ದೂರದಿಂದ ಕರೆಯುವುದನ್ನು ಬಿಟ್ಟುಬಿಟ್ಟರು. ಹೊಲದ ಯಾವ ಮೂಲೆಯಲ್ಲಿದ್ದರೂ ತಾವೇ ನಡೆದು ಹೋಗಿ, ಕಣ್ಣಿರುವ ಕಡೆಯಿಂದ ಮೈ ಮುಟ್ಟಿ, ಮೆಲ್ಲಗೆ ಕರೆತರುತ್ತಿದ್ದರು. ನೊಗ ಹೊರಲಾಗದ ಎತ್ತನ್ನು ಕಟ್ಟಿಕೊಂಡು ಏನು ಮಾಡುತ್ತೀರಿ ಎಂದು ಕೇಳಿದವರ ಎದುರೇ ಅದಕ್ಕೆ ಮೇವು ಹಾಕುತ್ತಿದ್ದರು. ಮನೆಯ ಟೀವಿಯನ್ನು ಅಂಗನವಾಡಿಗೆ ಕೊಟ್ಟರು. ಸಿನಿಮಾ ನೋಡಲು ಮತ್ತೆ ಹೋಗಲಿಲ್ಲ.

ಹೋದ ಚಳಿಗಾಲದಲ್ಲಿ ಜ್ವರ ಬಂದು ಎದೆಗೆ ಇಳಿಯಿತು. ಕಲಬುರಗಿಗೆ ಒಯ್ದರೂ ಉಳಿಯಲಿಲ್ಲ. ತೊಗರಿ ಹೊಲದ ಅಂಚಿನಲ್ಲಿ, ಗಂಡನ ಪಕ್ಕದಲ್ಲೇ ಮಣ್ಣು ಮಾಡಿದೆವು. ಚಿಮ್ಮನಚೋಡದಿಂದ ಬಂದಿದ್ದ ಅಕ್ಕೋರ ಒಡಹುಟ್ಟಿದ ತಮ್ಮ, ಮಾಣಿಕನನ್ನು ತಮ್ಮ ಹೊಲಕ್ಕೆ ಕರೆದುಕೊಂಡು ಹೋದರು. ಅಕ್ಕೋರು ಅವರಿಂದ ಮೊದಲೇ ಮಾತು ತೆಗೆದುಕೊಂಡಿದ್ದರಂತೆ.

ದಿನಕರ್ಮ ಮುಗಿದ ಮೇಲೆ ಗೆಳೆಯನ ಫೋನು ಬಂತು. ಎಷ್ಟೋ ಕಾಲದ ಮೇಲೆ ಅವನ ದನಿ. ಅಳುತ್ತಿದ್ದ. ಆ ಅಳು ಸುಳ್ಳೆಂದು ನಾನು ಹೇಳಲಾರೆ.

"ದೋಸ್ತ, ಅಕ್ಕೋರದೊಂದು ಛಲೋ ಫೋಟೊ ಇದ್ರ ಕಳಸು. ಎಲ್ಲ್ಯಾರ ಮಾತಾಡಿದ್ದು ಜರಾ ದನಿ ಇದ್ರೂ ಕಳಸು. ಈಗ ಕಂಪ್ಯೂಟರ್‌ದಾಗ ಎಲ್ಲಾ ಆಗ್ತದ. ಹೊಸ ಪಿಚ್ಚರ್ ಶುರು ಮಾಡಾಕತ್ತೀನಿ. ಮೊದಲಿಗೇ ಅವರು ಬಂದು ನನಗ ಆಶೀರ್ವಾದ ಮಾಡಿದಂಗ ತೋರಿಸ್ಬೇಕು ಅಂತ ಅದ. ಖರೇನೇ ಮಾತಾಡಿದಂಗ ಆಗ್ತದ ನೋಡು, ನಿಂಗೂ ಗೊತ್ತಾಗಂಗಿಲ್ಲ."

"ನನ್ನ ಹತ್ರ ಇಲ್ಲ" ಎಂದು ಫೋನು ಇಟ್ಟೆ.

ಇತ್ತು. ಊರಿನ ಒಂದು ಮದುವೆಯಲ್ಲಿ ನಾನು ತೆಗೆದ ವಿಡಿಯೊ. ಸ್ಟುಡಿಯೊ ಬಾಗಿಲು ಎಳೆದುಕೊಂಡು, ಹುಡುಕಿ ಹಾಕಿ ನೋಡಿದೆ. ಊಟದ ಪಂಗತಿ. ಅಕ್ಕೋರು ಬಡಿಸುತ್ತ ಬರುತ್ತಾರೆ. ಕ್ಯಾಮೆರಾ ಹಿಡಿದಿದ್ದ ನನ್ನನ್ನು ಕಂಡು, ಹೋಳಿಗೆಯ ಪರಾತ ಹಿಡಿದುಕೊಂಡೇ ಎದುರಿಗೆ ಬಂದು ನಿಲ್ಲುತ್ತಾರೆ. "ಮುಂಜಾನಿಂದ ಮಂದಿ ಉಣ್ಣೂದು ತಗಿಲಿಕತ್ತಿ, ನೀ ಉಂಡೀಯೋ ಇಲ್ಲೋ?" ಎನ್ನುತ್ತಾರೆ. "ಉಂತೀನ್ರಿ ಅಕ್ಕೋರ, ಇದೊಂದು ಮುಗೀಲಿ" ಎನ್ನುವ ನನ್ನ ದನಿ ಕೇಳಿಸುತ್ತದೆ. ಅವರು ಅಲ್ಲಾಡುವುದಿಲ್ಲ. "ಕೆಳಗಿಡು ಅದನ್ನ. ಇಡ್ತೀಯೋ ಇಲ್ಲೋ?" ಚಿತ್ರ ಒಮ್ಮೆ ವಾಲುತ್ತದೆ. ಎಲೆಗಳ ಸಾಲು, ಚೆಲ್ಲಿದ ನೀರು, ಅವರ ಸೀರೆಯ ಅಂಚು ಕಾಣುತ್ತವೆ. ನಾನು ಊಟಕ್ಕೆ ಕೂತಿರಬೇಕು. ವಿಡಿಯೊ ಅಲ್ಲಿಗೆ ನಿಂತಿದೆ.